ಬಂಪರಿನ ಎಡಮೂಲೆ

ಕಾರನ್ನು ಪೊಲೀಸ್ ಠಾಣೆಯ ಹಿತ್ತಲಿನಿಂದ ಲಾರಿಗೆ ಹಗ್ಗ ಕಟ್ಟಿ ಎಳೆದುಕೊಂಡು ಬಂದು ಗೌಡರ ಮನೆಯಂಗಳದಲ್ಲಿ ನಿಲ್ಲಿಸಿದರು. ಮೂರು ಮಳೆಗಾಲ, ಮೂರು ಬೇಸಿಗೆ ಅದು ಅಲ್ಲಿ ಬಯಲಿನಲ್ಲೇ ನಿಂತಿತ್ತು. ಟೈರುಗಳು ಕೂತುಹೋಗಿದ್ದವು, ಸೀಟಿನೊಳಗೆ ಇಲಿ ಗೂಡು ಕಟ್ಟಿತ್ತು. ಕೆಂಪು ಬಣ್ಣ ಮಾತ್ರ ತೊಳೆದರೆ ಬರುವಂತಿತ್ತು. ಕೆಟ್ಟಿದ್ದು ಕಪ್ಪು ಭಾಗಗಳು. ಮುಂದಿನ ಬಂಪರು, ಹಿಂದಿನ ಬಂಪರು, ಬಾಗಿಲುದ್ದಕ್ಕೂ ಇದ್ದ ಪಟ್ಟಿ, ಕನ್ನಡಿಯ ಚಿಪ್ಪು ಎಲ್ಲವೂ ಬಿಸಿಲಿಗೆ ಬಿಳಿಚಿ ಒಣಗಿದ ಕೆಸರಿನ ಬಣ್ಣಕ್ಕೆ ತಿರುಗಿದ್ದವು. ಕೈಯಿಂದ ಉಜ್ಜಿದರೆ ಬೆರಳಿಗೆ ಬೂದಿಯಂತಹ ಪುಡಿ ಅಂಟುತ್ತಿತ್ತು.

ಗೌಡರು ಜಗಲಿಯಿಂದ ಇಳಿದು ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದರು.

"ಹನ್ನೆರಡು ದಿನಕ್ಕೆ ಮದುವೆ. ಹೆಣ್ಣಿನ ಕಡೆಯೋರು ನೋಡಿದ್ರೆ ಇದು ಮನೆ ಬಿಟ್ಟು ಎಲ್ಲೂ ಹೋಗಿಲ್ಲ ಅನ್ನಿಸ್ಬೇಕು. ಎಂಜಿನ್ನಿಗೆ ಮೆಕ್ಯಾನಿಕ್ ಬರ್ತಾನೆ. ಈ ಕಪ್ಪು ಮಾತ್ರ ನೀನೇ ನೋಡು ಮಾರಾಯ" ಅಂದರು.

ಆಗಲಿ ಅಂದೆ. ಆ ಮನೆಯಲ್ಲಿ ನಾನು ಒಂಬತ್ತು ವರ್ಷ ಡ್ರೈವರ್ ಆಗಿದ್ದೆ. ಆದರೆ ಆ ದಿನಗಳಲ್ಲಿ ನನ್ನ ಲೈಸೆನ್ಸು ರದ್ದಾಗಿತ್ತು. ಕಾರು ತೊಳೆಯಬಹುದಿತ್ತೇ ಹೊರತು ಓಡಿಸುವ ಹಾಗಿರಲಿಲ್ಲ. ರಸ್ತೆಯಲ್ಲಿ ಒಬ್ಬ ಮನುಷ್ಯನನ್ನು ಕೊಂದ ಅಪರಾಧಕ್ಕೆ ನಾಲ್ಕು ತಿಂಗಳು ಶಿವಮೊಗ್ಗದ ಜೈಲಿನಲ್ಲಿದ್ದು ಬಂದಿದ್ದೆ.

ಆ ದಿನ ಕಾರು ಓಡಿಸಿದವನು ನಾನಲ್ಲ.

ಕಾರು ಬಂದು ಎರಡು ತಿಂಗಳಾಗಿತ್ತಷ್ಟೆ. ಅದಕ್ಕಿಂತ ಮೊದಲು ಮನೆಯಲ್ಲಿ ಒಂದು ಅಂಬಾಸಿಡರ್ ಇತ್ತು. ಈ ಸಣ್ಣ ಕಾರು ಊರಿಗೇ ಹೊಸತು. ಗೌಡರ ಮಗನಿಗೆ ಆಗ ಇಪ್ಪತ್ತೊಂದು ವರ್ಷ. ಓಡಿಸಲು ಕಲಿಸು ಎಂದು ಹಿಂದೆ ಬಿದ್ದಿದ್ದರು. ಲೈಸೆನ್ಸಿಗೆ ಇನ್ನೂ ಅರ್ಜಿಯನ್ನೇ ಕೊಟ್ಟಿರಲಿಲ್ಲ. ಹಾಗಾಗಿ ಮಧ್ಯಾಹ್ನ ಊಟವಾದ ಮೇಲೆ, ಜನ ಕಡಿಮೆ ಇರುವ ಹೊತ್ತಿನಲ್ಲಿ, ಹುಂಚದ ರಸ್ತೆಯಲ್ಲಿ ಕರೆದುಕೊಂಡು ಹೋಗಿ ಕಲಿಸುತ್ತಿದ್ದೆ. ಅವರು ಸ್ಟಿಯರಿಂಗ್ ಹಿಡಿದಿದ್ದರು, ನಾನು ಪಕ್ಕದ ಸೀಟಿನಲ್ಲಿದ್ದೆ.

ಮುಂಗಾರು ಶುರುವಾಗಿ ನಾಲ್ಕೈದು ದಿನವಾಗಿತ್ತು. ಒಂದು ತಿರುವು ದಾಟಿದ ಕೂಡಲೇ ರಸ್ತೆ ಗ್ಯಾಂಗಿನವರು ಎಡಬದಿಯ ಚರಂಡಿಯಿಂದ ಮಣ್ಣು ತೆಗೆಯುತ್ತಿರುವುದು ಕಂಡಿತು. ಉಳಿದವರೆಲ್ಲ ದೂರದಲ್ಲಿದ್ದರು. ಒಬ್ಬ ಮಾತ್ರ ಈಚೆ, ಚರಂಡಿಯ ಕಡೆ ಮುಖ ಮಾಡಿ, ಬಗ್ಗಿ ಬುಟ್ಟಿ ತುಂಬುತ್ತಿದ್ದ. ಮಗ ಹೆದರಿ ಬ್ರೇಕಿನ ಮೇಲೆ ಕಾಲಿಡಲು ಹೋದರು. ರಸ್ತೆಯ ಮೇಲೆ ಹಸಿ ಮಣ್ಣು ಬಿದ್ದಿತ್ತು. ಹೊಸಬರು ಅಂಥಲ್ಲಿ ಬ್ರೇಕ್ ಒತ್ತಿದರೆ ಗಾಡಿ ಜಾರುತ್ತದೆ ಎಂದು ನನಗೆ ಗೊತ್ತಿತ್ತು.

"ಬ್ರೇಕ್ ಬೇಡ. ಹಾರ್ನ್ ಹೊಡೀರಿ, ಸರೀತಾನೆ" ಅಂದೆ.

ಮಗ ಹಾರ್ನ್ ಹೊಡೆದರು. ಒಂದು ಸಲವಲ್ಲ, ಉದ್ದಕ್ಕೂ. ಆ ಮನುಷ್ಯ ತಲೆ ಎತ್ತಲಿಲ್ಲ. ತುಂಬಿದ ಬುಟ್ಟಿಯನ್ನು ಎತ್ತಿಕೊಂಡು ನೆಟ್ಟಗೆ ನಿಂತವನು ಹಿಂದಕ್ಕೆ ಒಂದು ಹೆಜ್ಜೆ ಇಟ್ಟ. ನಾನು ಸ್ಟಿಯರಿಂಗಿಗೆ ಕೈ ಹಾಕುವಷ್ಟರಲ್ಲಿ ಎಡಮೂಲೆ ಅವನಿಗೆ ತಗುಲಿತ್ತು.

ದೊಡ್ಡ ಸದ್ದೇನೂ ಆಗಲಿಲ್ಲ. ಅಂಬಾಸಿಡರಿನ ಸ್ಟೀಲ್ ಬಂಪರಾಗಿದ್ದರೆ ಬೇರೆ ಸದ್ದು ಬರುತ್ತಿತ್ತು. ಇದು ಒಳಕ್ಕೆ ಬಗ್ಗಿ ಮತ್ತೆ ಹೊರಕ್ಕೆ ಬಂತು, ಅಷ್ಟೆ. ಅವನು ಚರಂಡಿಗೆ ಬಿದ್ದು ತಲೆ ಕಲ್ಲಿಗೆ ಬಡಿದಿತ್ತು. ನಾನು ಇಳಿದು ಎತ್ತಿದಾಗ ಇನ್ನೂ ಉಸಿರಿತ್ತು. ಮಗ ಸೀಟಿನಿಂದ ಏಳಲೇ ಇಲ್ಲ. ಅವರನ್ನು ಹಿಂದಕ್ಕೆ ದೂಡಿ, ಗ್ಯಾಂಗಿನ ಇಬ್ಬರನ್ನು ಹತ್ತಿಸಿಕೊಂಡು, ಆಸ್ಪತ್ರೆಗೆ ನಾನೇ ಓಡಿಸಿದೆ. ದಾರಿಯಲ್ಲೇ ಅವನು ಹೋದ. ಆಸ್ಪತ್ರೆಯ ಮುಂದೆ ಕಾರು ನಿಂತಾಗ ಸ್ಟಿಯರಿಂಗಿನ ಹಿಂದೆ ಇದ್ದವನು ನಾನು. ಜನ ಕಂಡಿದ್ದು ಅದನ್ನೇ.

ಅಂದು ಸಂಜೆ ಗೌಡರು ಠಾಣೆಗೆ ಬಂದರು. ನನ್ನನ್ನು ಹೊರಗಿನ ಮರದ ಹತ್ತಿರ ಕರೆದುಕೊಂಡು ಹೋಗಿ, ಅಲ್ಲೇ ಬೇರಿನ ಮೇಲೆ ಕುಕ್ಕರಗಾಲಿನಲ್ಲಿ ಕೂತರು. ನಾನೂ ಕೂತೆ. ಒಂಬತ್ತು ವರ್ಷದಲ್ಲಿ ನಾವಿಬ್ಬರು ಒಂದೇ ಎತ್ತರದಲ್ಲಿ ಕೂತಿದ್ದು ಅದೇ ಮೊದಲು.

"ಓಡ್ಸಿದ್ದು ನೀನು ಅಂತ ಬರೆಸು" ಅಂದರು. "ಅವನಿಗೆ ಲೈಸೆನ್ಸಿಲ್ಲ. ಇಲ್ದೆ ಓಡ್ಸಿದ್ದು ಅಂತಾದ್ರೆ ಇನ್ಶೂರೆನ್ಸಿನೋರು ಕೈ ಎತ್ತಿಬಿಡ್ತಾರೆ. ಸತ್ತವನ ಹೆಂಡ್ತಿಗೆ ಏನೂ ಸಿಕ್ಕಲ್ಲ. ನೀನು ಅಂತಾದ್ರೆ ಅವಳಿಗೂ ಒಂದು ದಾರಿ ಆಗ್ತದೆ. ನಾನು ವಕೀಲರನ್ನ ಇಡ್ತೀನಿ. ನಿಂಗೆ ಏನೂ ಆಗದ ಹಾಗೆ ನೋಡ್ಕೊಳ್ತೀನಿ."

ನನ್ನ ಅಪ್ಪ ಆ ಮನೆಯ ಗೇಣಿದಾರನಾಗಿದ್ದವನು. ಎಪ್ಪತ್ತರ ದಶಕದಲ್ಲಿ ಉಳುವವನಿಗೆ ಭೂಮಿ ಎಂಬ ಕಾನೂನು ಬಂದಾಗ ಅಪ್ಪ ಹೆದರಿಕೊಂಡೇ ಗದ್ದೆ ತನಗೆ ಬರಬೇಕೆಂದು ಡಿಕ್ಲರೇಶನ್ ಹಾಕಿದ್ದ. ಸುತ್ತಮುತ್ತಲಿನ ಒಡೆಯರೆಲ್ಲ ವಕೀಲರನ್ನು ಹಿಡಿದು ತಕರಾರು ತೆಗೆದಾಗ ಈ ಗೌಡರು ಮಾತ್ರ ಎದ್ದು ನಿಂತು, ಹೌದು, ಉಳುತ್ತಿರುವುದು ಇವನೇ ಎಂದಿದ್ದರು. ಆ ಎರಡು ಎಕರೆ ಗದ್ದೆಯಲ್ಲಿ ನಾವು ಊಟ ಮಾಡುತ್ತಿದ್ದೆವು. ಮರದ ಕೆಳಗೆ ಅವರು ಅದನ್ನು ನೆನಪಿಸಲಿಲ್ಲ. ನೆನಪಿಸಿದ್ದರೆ ಇಲ್ಲ ಎನ್ನಲು ನನಗೆ ಸುಲಭವಾಗುತ್ತಿತ್ತೋ ಏನೋ.

ಬರೆಸಿದೆ. ವಕೀಲರು ಮಾಡುವಷ್ಟು ಮಾಡಿದರು. ಕೊನೆಗೂ ಶಿಕ್ಷೆಯಾಯಿತು.

ನಮ್ಮ ಮನೆಯಲ್ಲಿ ನಿಜ ಗೊತ್ತಿದ್ದುದು ನನ್ನ ಹೆಂಡತಿಗೆ ಮಾತ್ರ. ಅಮ್ಮನಿಗೆ ಹೇಳಿರಲಿಲ್ಲ. ಹೇಳಿದ್ದರೆ ಅವಳು ಸಂತೆಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿಬಿಡುತ್ತಿದ್ದಳು. ಜೈಲಿನಿಂದ ಬಂದಾಗ ಅಮ್ಮ ನನ್ನನ್ನು ಬೈಯಲಿಲ್ಲ. ಬಿಸಿನೀರು ಕಾಯಿಸಿಕೊಟ್ಟಳು, ಊಟಕ್ಕೆ ಬಡಿಸಿದಳು. ಒಮ್ಮೆ ಅವಳಿಗೆ ಜ್ವರ ಬಂದಾಗ ಪಕ್ಕದ ಮನೆಯವರ ಸೈಕಲ್ ತಂದು ಹಿಂದೆ ಕೂರಲು ಹೇಳಿದೆ. ಕೂರಲಿಲ್ಲ. ಜ್ವರದಲ್ಲೇ ಆಸ್ಪತ್ರೆಗೆ ನಾಲ್ಕು ಮೈಲಿ ನಡೆದಳು. ನಾನು ಖಾಲಿ ಸೈಕಲ್ ತಳ್ಳಿಕೊಂಡು ಹಿಂದೆ ಹೋದೆ.

ಕಾರನ್ನು ಠಾಣೆಯಿಂದ ಮೊದಲೇ ಬಿಡಿಸಿಕೊಂಡು ಬರಬಹುದಿತ್ತು. ಗೌಡರ ಹೆಂಡತಿ ಬೇಡವೆಂದಿದ್ದರು. ಕೇಸು ಮುಗಿಯುವವರೆಗೆ ಅದು ಅಂಗಳಕ್ಕೆ ಕಾಲಿಡಬಾರದು ಅಂತ. ಕೇಸು ಮುಗಿದರೂ ಯಾರೂ ಅದರ ಮಾತೆತ್ತಿರಲಿಲ್ಲ. ಮದುವೆ ನಿಶ್ಚಯವಾದ ಮೇಲೆ ಹೆಣ್ಣಿನ ಅಪ್ಪ "ನಿಮ್ಮ ಕಾರೆಲ್ಲಿ, ಕಾಣಲ್ಲ?" ಎಂದು ಕೇಳಿದರಂತೆ. ರಿಪೇರಿಗೆ ಹೋಗಿದೆ ಎಂದರಂತೆ ಗೌಡರು.

ಹೀಗೆ ಆ ಕಪ್ಪು ನನ್ನ ಪಾಲಿಗೆ ಬಂತು.

ನನಗೆ ಗೊತ್ತಿದ್ದುದು ಸ್ಟೀಲು ತಿಕ್ಕುವುದು. ಪ್ಲಾಸ್ಟಿಕ್ ಬಂಪರನ್ನು ಏನು ಮಾಡಬೇಕೆಂದು ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಮೊದಲ ದಿನ ಸೋಪಿನ ಪುಡಿ ಕಲಸಿ ತೆಂಗಿನ ನಾರಿನಿಂದ ತಿಕ್ಕಿದೆ. ನೀರು ಬಿದ್ದಾಗ ಕಪ್ಪಾಗಿ ಕಾಣುತ್ತಿತ್ತು, ಒಣಗುತ್ತಾ ಬಂದಂತೆ ಮತ್ತೆ ಬಿಳಿಚುತ್ತಿತ್ತು. ಎರಡನೇ ದಿನ ಕೊಬ್ಬರಿ ಎಣ್ಣೆ ಸವರಿದೆ. ಸಂಜೆಯೊಳಗೆ ಅಂಗಳದ ಧೂಳೆಲ್ಲ ಅದಕ್ಕೆ ಅಂಟಿತು. ಮೂರನೇ ದಿನ ಬೂಟಿನ ಪಾಲಿಶ್ ಎರಡು ಡಬ್ಬಿ ತಂದು ಬಟ್ಟೆಯಿಂದ ಉಜ್ಜಿದೆ. ಅದು ನಿಜವಾಗಿಯೂ ಕಪ್ಪಾಯಿತು, ಹೊಳಪೂ ಬಂತು. ಗೌಡರು ನೋಡಿ ತಲೆಯಾಡಿಸಿದರು. ಮಧ್ಯಾಹ್ನ ಗುಡುಗಿ ಒಂದು ಮಳೆ ಬಂತು, ಪಾಲಿಶ್ ಕರಗಿ ಕೆಂಪು ಬಣ್ಣದ ಮೇಲೆ ಕಪ್ಪು ಗೆರೆಗಳಾಗಿ ಇಳಿಯಿತು. ಬಂಪರಿನ ಒಳಮೈಗೆ ಸ್ವಲ್ಪ ಪೇಂಟು ಹಚ್ಚಿ ನೋಡಿದೆ. ಉಗುರು ತಾಗಿದರೆ ಸಿಪ್ಪೆಯಂತೆ ಏಳುತ್ತಿತ್ತು.

ಇಷ್ಟು ದಿನವೂ ನಾನು ಎಡಮೂಲೆಯನ್ನು ಕೊನೆಗೆ ಬಿಡುತ್ತಿದ್ದೆ. ಅಲ್ಲಿ ಪ್ಲಾಸ್ಟಿಕ್ ಬಗ್ಗಿ ಮತ್ತೆ ನೆಟ್ಟಗಾದ ಜಾಗದಲ್ಲಿ ಒಂದು ಬಿಳಿ ಗೆರೆ ಉಳಿದಿತ್ತು. ಒಂದು ಗೇಣು ಉದ್ದ, ಬಿಲ್ಲಿನ ಹಾಗೆ ಬಾಗಿದ್ದು. ಉಳಿದ ಬಿಳುಪಿನ ನಡುವೆ ಬೇರೆಯವರಿಗೆ ಅದು ಕಾಣುತ್ತಿರಲಿಲ್ಲ. ಪಾಲಿಶ್ ಹಚ್ಚಿದಾಗ ಮಾತ್ರ ಗೆರೆ ಎದ್ದು ಕಂಡಿತು.

ಮಗ ಆ ಹೊತ್ತಿಗೆ ಅಂಗಳಕ್ಕೆ ಬಂದರು. ನಾನು ಜೈಲಿನಿಂದ ಬಂದ ಮೇಲೆ ಅವರು ನನ್ನನ್ನು "ನೀವು" ಎನ್ನಲು ಶುರು ಮಾಡಿದ್ದರು. ಮೊದಲೆಲ್ಲ "ನೀನು" ಎನ್ನುತ್ತಿದ್ದರು. ಅದು ನನಗೆ ಹಿಡಿಸಿರಲಿಲ್ಲ.

"ಹೊಸ್ದೇ ಹಾಕ್ಸಿಬಿಡೋಣ ಅಂದೆ ಅಪ್ಪಯ್ಯನಿಗೆ. ಬೆಂಗಳೂರಿಂದ ಬರ್ಬೇಕಂತೆ, ಒಂದು ತಿಂಗಳಾಗ್ತದಂತೆ" ಅಂದರು.

"ಆಗ್ತದೆ ಬಿಡಿ, ಏನಾದ್ರೂ ಮಾಡ್ತೀನಿ."

ಅವರ ಕಣ್ಣು ಬಂಪರಿನ ಮೇಲಿರಲಿಲ್ಲ, ನನ್ನ ಕೈಯಲ್ಲಿದ್ದ ಬಟ್ಟೆಯ ಮೇಲಿತ್ತು.

"ನಿಮಗೆ ನನ್ ಮೇಲೆ ಸಿಟ್ಟಿಲ್ವಾ?"

"ಇದೆ" ಅಂದೆ.

ಅವರು ನೆಲದ ಮೇಲಿದ್ದ ಖಾಲಿ ಪಾಲಿಶ್ ಡಬ್ಬಿ ಎತ್ತಿಕೊಂಡು ಒಳಗೆ ಹೋದರು.

ತೀರ್ಥಹಳ್ಳಿಯಲ್ಲಿ ಒಬ್ಬ ಟಿಂಕರಿಂಗ್ ಮೇಸ್ತ್ರಿ ಇದ್ದಾರೆ, ಬಸ್ಸು ಕಾರುಗಳ ಮೈ ತಟ್ಟಿ ಸರಿ ಮಾಡುವುದರಲ್ಲಿ ಪಳಗಿದವರು, ಅವರಿಗೆ ಗೊತ್ತಿದ್ದರೂ ಇರಬಹುದು ಎಂದು ಮೆಕ್ಯಾನಿಕ್ ಹೇಳಿದ. ಮರುದಿನ ಬೆಳಿಗ್ಗೆ ತುಕ್ಕು ಹಿಡಿದ ಬೋಲ್ಟುಗಳನ್ನು ಸೀಮೆಎಣ್ಣೆ ಹಾಕಿ ಸಡಿಲಿಸಿ ಎರಡೂ ಬಂಪರು ಬಿಚ್ಚಿದೆ. ಗೋಣಿ ಸುತ್ತಿ ಹೆಗಲ ಮೇಲೆ ಹೊತ್ತು ಬಸ್ ನಿಲ್ಲುವಲ್ಲಿಗೆ ನಡೆದೆ. ಕಂಡಕ್ಟರ್ ಬಸ್ಸಿನ ಮೇಲೆ ಹಾಕಿಸಿದ. ಬಸ್ಸು ಹುಂಚದ ಹಾದಿಯಲ್ಲೇ ಹೋಗುವುದು. ಆ ತಿರುವು ಬಂದಾಗ ನಾನು ಕೆಳಗೆ ನೋಡುತ್ತಾ ಕೂತಿದ್ದೆ. ಹಿಂದಿನ ಸೀಟಿನ ಮುದುಕನೊಬ್ಬ ಪಕ್ಕದವನಿಗೆ, "ಇಲ್ಲೇ ಅಲ್ದಾ ಆ ಡ್ರೈವರ್ ಗ್ಯಾಂಗಿನವನ್ನ ಹೊಡೆದು ಹಾಕಿದ್ದು? ಕುಡ್ದಿದ್ನಂತೆ" ಎಂದು ಹೇಳುತ್ತಿದ್ದ. ನಾನು ಹುಟ್ಟಿದಾಗಿನಿಂದ ಕುಡಿದವನಲ್ಲ. ತಿರುಗಿ ನೋಡಲಿಲ್ಲ.

ಮೇಸ್ತ್ರಿಗೆ ಅರವತ್ತು ದಾಟಿತ್ತು. ಬಂಪರನ್ನು ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು ನೋಡಿದರು.

"ಇದು ಸತ್ತಿಲ್ಲ. ಮೇಲಿನ ಚರ್ಮ ಮಾತ್ರ ಒಣಗಿದೆ" ಅಂದರು. "ಹಚ್ಚಿದ್ದು ಯಾವ್ದೂ ನಿಲ್ಲಲ್ಲ. ಬಿಸಿ ಕೊಡ್ಬೇಕು. ಒಳಗಿನ ಕಪ್ಪು ತಾನೇ ಮೇಲೆ ಬರ್ತದೆ."

ಸೀಮೆಎಣ್ಣೆ ತುಂಬಿ ಪಂಪು ಹೊಡೆದು ಉರಿಸುವ ಬ್ಲೋಲ್ಯಾಂಪು ತಂದರು. ನೀಲಿ ಬೆಂಕಿ ಸುಯ್ಯೆಂದು ಬಂತು. ಅದನ್ನು ಒಂದು ಗೇಣು ದೂರದಲ್ಲಿ ಹಿಡಿದು, ಗೋಡೆಗೆ ಸುಣ್ಣ ಬಳಿಯುವವರ ಹಾಗೆ ನಿಲ್ಲಿಸದೆ ಆಡಿಸಿದರು. ಬೆಂಕಿ ಹಾದುಹೋದಲ್ಲೆಲ್ಲ ಬೂದಿ ಬಣ್ಣ ಹಿಂದೆ ಸರಿದು, ನೀರು ಬಿದ್ದಂತೆ ಕಪ್ಪು ಎದ್ದಿತು. ಒಣಗಿದ ಮೇಲೂ ಹೋಗದ ಕಪ್ಪು. "ಒಂದು ಕಡೆ ನಿಲ್ಸಿದ್ರೆ ಕರಗಿ ಸೋರ್ತದೆ. ದೂರ ಹಿಡಿದ್ರೆ ಏನೂ ಆಗಲ್ಲ" ಎನ್ನುತ್ತಾ ಬಲದಿಂದ ಎಡಕ್ಕೆ ಬಂದವರು ಮೂಲೆಯ ಹತ್ತಿರ ಕೈ ನಿಲ್ಲಿಸಿದರು. ದೀಪವನ್ನು ಪಕ್ಕಕ್ಕೆ ತಿರುಗಿಸಿದರು.

"ಈ ಗೆರೆ ಯಾವುದ್ರದ್ದು? ದನಕ್ಕೆ ಹೊಡ್ದಿದ್ದಾ?"

"ಅಲ್ಲ."

ಅವರು ನನ್ನ ಮುಖ ನೋಡಿದರು. "ಮನುಷ್ಯಂಗಾ?"

"ಹೌದು."

"ಉಳಿದ್ನಾ?"

"ಇಲ್ಲ."

ಮೇಸ್ತ್ರಿ ಬ್ಲೋಲ್ಯಾಂಪನ್ನು ನನ್ನ ಕೈಗೆ ಕೊಟ್ಟರು.

"ಈ ಮೂಲೆ ನೀನೇ ಮಾಡು. ನಾನು ಮಾಡಲ್ಲ. ತಪ್ಪು ತಿಳೀಬೇಡ."

ಸಿಟ್ಟಿನಿಂದ ಹೇಳಿದ ಮಾತಾಗಿರಲಿಲ್ಲ. ಎದ್ದು ಹೋಗಿ ಕೊಡದಲ್ಲಿದ್ದ ನೀರು ಕುಡಿದು ಶೆಡ್ಡಿನ ಬಾಗಿಲಲ್ಲಿ ಬೆನ್ನು ಹಾಕಿ ನಿಂತರು.

ನಾನು ದೀಪ ಹಿಡಿದೆ. ಆ ಬಿಳಿ ಗೆರೆ ಹೋಗುವುದಿಲ್ಲ ಎಂದುಕೊಂಡಿದ್ದೆ. ಹೋಗದೇ ಇರಲಿ ಎಂದೂ ಅನ್ನಿಸಿತ್ತು. ಬೆಂಕಿ ಒಂದು ಸಲ ಹೋಗಿ ಬಂತು, ಸುತ್ತಲಿನದು ಕಪ್ಪಾಯಿತು. ಎರಡನೇ ಸಲ ಗೆರೆ ತೆಳ್ಳಗಾಯಿತು. ಮೂರನೇ ಸಲಕ್ಕೆ ಎರಡು ತುದಿಗಳಿಂದ ಕರಗುತ್ತಾ ಬಂದು ನಡುವಿನಲ್ಲಿ ಒಂದು ಚುಕ್ಕೆ ಉಳಿದು ಅದೂ ಹೋಯಿತು. ಬೆರಳಿನಿಂದ ಹುಡುಕಿದೆ. ಎಲ್ಲಿತ್ತೆಂದು ನನಗೇ ತಿಳಿಯಲಿಲ್ಲ. ಆ ಮನುಷ್ಯ ಆ ಕಾರಿಗೆ ತಗುಲಿದ್ದಕ್ಕೆ ಇದ್ದ ಗುರುತು ಅದೊಂದೇ. ಅದನ್ನು ನಾನೇ ಅಳಿಸಿದ್ದೆ. ದೀಪ ಆರಿಸುವುದನ್ನೇ ಮರೆತಿದ್ದೆ, ಮೇಸ್ತ್ರಿ ಬಂದು ಅದನ್ನು ತೆಗೆದುಕೊಂಡು ಆರಿಸಿದರು.

ವಾಪಸು ಬರುವ ಬಸ್ಸಿನಲ್ಲಿ ನಾನು ಹುಂಚಕ್ಕಿಂತ ಸ್ವಲ್ಪ ಆಚೆ, ಆ ತಿರುವಿನ ಹತ್ತಿರವೇ ಇಳಿದೆ. ಬಂಪರುಗಳನ್ನು ರಸ್ತೆಬದಿಯ ಚಹದಂಗಡಿಯಲ್ಲಿಟ್ಟು, ಸತ್ತವನ ಹೆಂಡತಿಯ ಮನೆ ಕೇಳಿಕೊಂಡು ಹೋದೆ. ಸಂಜೆ ಐದರ ಹೊತ್ತು. ಗಂಡನ ಬದಲಿಗೆ ಆಕೆಗೆ ಗ್ಯಾಂಗಿನಲ್ಲಿ ಕೆಲಸ ಕೊಟ್ಟಿದ್ದರು. ಕೆಲಸ ಮುಗಿಸಿ ಬಂದು ಮನೆಯ ಮುಂದಿನ ಕಲ್ಲಿನ ಮೇಲೆ ಕಾಲಿನ ಟಾರು ಉಜ್ಜಿ ತೊಳೆಯುತ್ತಿದ್ದರು. ನನ್ನನ್ನು ಕೋರ್ಟಿನಲ್ಲಿ ನೋಡಿದ್ದರಿಂದ ಗುರುತು ಹಿಡಿದರು. ಬನ್ನಿ ಎನ್ನಲಿಲ್ಲ, ಹೋಗಿ ಎಂತಲೂ ಎನ್ನಲಿಲ್ಲ.

"ಅಮ್ಮಾ, ಒಂದು ಮಾತು ಹೇಳಕ್ಕೆ ಬಂದೆ. ಅವತ್ತು ಓಡ್ಸಿದ್ದು ನಾನಲ್ಲ" ಅಂದೆ.

ಆಕೆ ಚೊಂಬು ಕೆಳಗಿಟ್ಟರು.

"ಗೊತ್ತು."

"ಯಾರು ಹೇಳಿದ್ರು?"

"ಗ್ಯಾಂಗಿನೋರು ಕಣ್ಣಾರೆ ನೋಡಿದ್ರು. ಅವತ್ತೇ ಹೇಳಿದ್ರು. ಆಮೇಲೆ ಗೌಡ್ರ ಕಡೆಯೋರು ಬಂದು ಡ್ರೈವರೇ ಓಡ್ಸಿದ್ದು ಅಂತ ಹೇಳಿದ್ರೆ ಮಾತ್ರ ನಿಂಗೆ ಪರಿಹಾರ ಬರ್ತದೆ ಅಂದ್ರು. ಮನೆಯಲ್ಲಿ ಎರಡು ಹೆಣ್ಮಕ್ಳು. ಸುಮ್ನಾದೆ. ಗ್ಯಾಂಗಿನೋರೂ ನನಗೋಸ್ಕರ ಸುಮ್ನಾದ್ರು." ಆಕೆ ನನ್ನತ್ತ ನೋಡದೆ ಹೇಳುತ್ತಿದ್ದರು. "ನೀವು ಜೈಲಿಗೆ ಹೋಗಿದ್ದು ನಂಗೆ ಗೊತ್ತಿದ್ದೇ ಹೋಗಿದ್ದು. ಈಗ ನೀವು ಬಂದು ಹೇಳಿ ಹಗುರಾದ್ರಿ. ನಾನು ಯಾರ ಹತ್ರ ಹೋಗಿ ಹೇಳ್ಲಿ?"

ಅಲ್ಲಿಗೇ ತಿರುಗಿ ಬರಬಹುದಿತ್ತು. ಆದರೆ ಹೇಳಬೇಕಾಗಿದ್ದುದು ಬೇರೆ ಇತ್ತು. ಹೆಂಡತಿಗೂ ಹೇಳಿರದ ಮಾತು.

"ಆ ಹುಡುಗ ಬ್ರೇಕ್ ಹಾಕಕ್ಕೆ ಹೋಗಿದ್ರು. ಬೇಡ, ಹಾರ್ನ್ ಹೊಡೀರಿ, ಸರೀತಾನೆ ಅಂದಿದ್ದು ನಾನು."

ಆಕೆ ಆಗ ಮೊದಲ ಸಲ ನೇರವಾಗಿ ನೋಡಿದರು. ಒದ್ದೆ ಕಾಲಿನಿಂದ ನೀರು ಇಳಿದು ಕಲ್ಲಿನ ಮೇಲೆ ಹರಿಯುತ್ತಿತ್ತು.

"ನಮ್ಮನೆಯೋರಿಗೆ ಎಡಗಿವಿ ಪೂರ್ತಿ ಕೇಳ್ತಿರ್ಲಿಲ್ಲ, ಬಲಗಿವಿನೂ ಅಷ್ಟಕ್ಕಷ್ಟೆ" ಅಂದರು. "ಸಣ್ಣೋರಿದ್ದಾಗಿಂದ."

ಚರಂಡಿಯ ಕಡೆ ಮುಖ ಮಾಡಿದ್ದ ಅವನ ಎಡಗಡೆಯಿಂದಲೇ ನಾವು ಬಂದದ್ದು.

"ಹೋಗಿ" ಅಂದರು ಆಕೆ. "ಇನ್ನು ಬರ್ಬೇಡಿ. ನಿಮ್ಮನ್ನ ಬೈಯೋ ಶಕ್ತಿನೂ ನಂಗಿಲ್ಲ."

ಚಹದಂಗಡಿಯವನು ಬಂಪರಿನ ಗೋಣಿ ಸರಿಸಿ ನೋಡುತ್ತಿದ್ದ. "ಹೊಸ್ದಾ? ಭಾರಿ ಚೆಂದ ಉಂಟು" ಅಂದ. ಹೌದು ಅಂದೆ.

ಬಾಗಿಲಿನ ಪಟ್ಟಿ, ಕನ್ನಡಿಯ ಚಿಪ್ಪುಗಳಿಗೆ ಮೇಸ್ತ್ರಿ ಕೊಟ್ಟು ಕಳಿಸಿದ್ದ ದೀಪದಿಂದಲೇ ಅಂಗಳದಲ್ಲಿ ಬಿಸಿ ಕೊಟ್ಟೆ. ಮದುವೆಯ ಹಿಂದಿನ ದಿನ ಕಾರು ಅಂಗಡಿಯಿಂದ ಆಗ ತಾನೇ ಬಂದಂತಿತ್ತು. ಗೌಡರು ಬಗ್ಗಿ ಬಂಪರು ಸವರಿ, "ಅಬ್ಬಾ, ನಿನ್ನ ಕೈಯಲ್ಲಿ ಏನೋ ಇದೆ ಕಣಾ" ಅಂದರು. ಹೆಣ್ಣಿನ ಅಪ್ಪನೂ ಹೊಗಳಿದರಂತೆ. ಮದುವೆಯ ದಿನ ತೀರ್ಥಹಳ್ಳಿಯಿಂದ ಕರೆಸಿದ ಡ್ರೈವರ್ ಓಡಿಸಿದ. ನಾನು ಪೆಂಡಾಲಿನಲ್ಲಿ ನೀರು ಕೊಡುವ ಕೆಲಸ ಮುಗಿಸಿ ಮಧ್ಯಾಹ್ನ ಮನೆಗೆ ಬಂದೆ.

ಅಂದೇ ಅಮ್ಮನನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಹಾರ್ನಿನ ಮಾತನ್ನೂ ಬಿಡಲಿಲ್ಲ. ನಾನು ಎಣಿಸಿದಂತೆ ಅವಳು ಎದ್ದು ಗೌಡರ ಮನೆಗೆ ಓಡಲಿಲ್ಲ, ಅಳಲೂ ಇಲ್ಲ. "ಇಷ್ಟು ದಿನ ನನ್ನ ಹತ್ರನೂ ಹೇಳ್ಳಿಲ್ಲ ನೀನು" ಅಂದಳು. ಸ್ವಲ್ಪ ಹೊತ್ತಿನ ಮೇಲೆ, "ನಾನು ನಿನ್ನ ಎಂಥವ ಅಂತ ಅಂದ್ಕೊಂಡಿದ್ದೆ ಗೊತ್ತಾ" ಎಂದು ಶುರು ಮಾಡಿ ಮುಗಿಸದೆ ಒಳಗೆ ಹೋದಳು.

ಆ ಮಳೆಗಾಲದ ಮೊದಲೇ ಗೌಡರ ಮನೆ ಬಿಟ್ಟೆ. ಗದ್ದೆಯನ್ನು ತಮ್ಮನಿಗೆ ವಹಿಸಿ ಹೆಂಡತಿಯೊಂದಿಗೆ ಸಾಗರಕ್ಕೆ ಹೋದೆ. ಅಲ್ಲಿ ಒಂದು ಅಕ್ಕಿ ಮಿಲ್ಲಿನಲ್ಲಿ ಕೆಲಸ ಸಿಕ್ಕಿತು. ಲೈಸೆನ್ಸಿಗೆ ಮತ್ತೆ ಅರ್ಜಿ ಹಾಕಬಹುದು ಎಂದು ಮಿಲ್ಲಿನವರು ಹೇಳಿದರು, ಲಾರಿಗೆ ಡ್ರೈವರ್ ಬೇಕಾಗಿತ್ತು. ಹಾಕಲಿಲ್ಲ.

ಒಂದು ವರ್ಷದ ನಂತರ ಗೌಡರ ಮಗ ಮಿಲ್ಲಿನ ಬಾಗಿಲಿಗೆ ಬಂದರು. ಬಸ್ಸಿನಲ್ಲಿ ಬಂದಿದ್ದರು. ಕಾರು ಮಾರಿದ್ದಾಯಿತು, ತಾನು ಮತ್ತೆಂದೂ ಸ್ಟಿಯರಿಂಗ್ ಮುಟ್ಟಿಲ್ಲ ಎಂದರು. ಎದುರಿನ ಹೋಟೆಲಿನಲ್ಲಿ ಕೂತೆವು. ಕಾಫಿ ಬಂತು.

"ಹೆಂಡ್ತಿಗೆ ಏನೂ ಹೇಳಿಲ್ಲ. ಈಗ ಬಸುರಿ. ನಿದ್ದೆಯಲ್ಲಿ ಏನೋ ಕೂಗ್ತೀರಿ, ಏನದು ಅಂತ ಕೇಳ್ತಾಳೆ" ಅಂದರು. "ಹೇಳ್ಬೇಕಾ?"

ನಾಲ್ಕು ವರ್ಷ ಕಾದಿದ್ದ ಸಿಟ್ಟನ್ನೆಲ್ಲ ಆಗ ಹೇಳಬಹುದಿತ್ತು. ಹೆದರಿ ಬ್ರೇಕಿನ ಕಡೆ ಹೋದ ಅವರ ಕಾಲು ನೆನಪಾಯಿತು. ಆ ಕಾಲು ಸರಿಯಾಗಿತ್ತು, ನನ್ನ ಮಾತು ತಪ್ಪಾಗಿತ್ತು. ಅದನ್ನು ಅವರಿಗೆ ಹೇಳಿದೆ. ಅವರಿಗೆ ಅದು ಸಮಾಧಾನ ಕೊಟ್ಟಂತೆ ಕಾಣಲಿಲ್ಲ.

"ಅದೆಲ್ಲ ಇರ್ಲಿ. ಹೇಳ್ಬೇಕಾ, ಬೇಡ್ವಾ?"

"ನನ್ನ ಕೇಳ್ಬೇಡಿ. ನಾನು ಹೇಳ್ದವರಿಗೆ ಯಾರಿಗೂ ಅದ್ರಿಂದ ಒಳ್ಳೇದಾಗಿಲ್ಲ. ಹೇಳ್ದೇ ಇದ್ದಾಗ್ಲೂ ಆಗ್ಲಿಲ್ಲ."

ಅವರು ಕಾಫಿ ಮುಟ್ಟದೆ ಎದ್ದು, ಹೊಸನಗರದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು. ಮೂರೂವರೆಗೆ ಅಂದೆ. ನಿಲ್ದಾಣದ ತನಕ ಜೊತೆಗೆ ನಡೆದೆ. ಹೆಂಡತಿಗೆ ಹೇಳಿದರೋ ಇಲ್ಲವೋ ನನಗೆ ತಿಳಿಯಲಿಲ್ಲ. ಬಸ್ಸು ಹೋದ ಮೇಲೆ ಮಿಲ್ಲಿಗೆ ಹಿಂತಿರುಗಿದೆ. ಅಂದು ಎಂಟು ಗಾಡಿ ಭತ್ತ ಬಂದಿತ್ತು, ಇಳಿಸುವುದು ಬಾಕಿ ಇತ್ತು.